ದಿಕ್ಕು ತಪ್ಪಿದ ಒಂಬತ್ತು ಮಕ್ಕಳು

ಬೇಸಗೆಯ ರಜಕ್ಕೆ ಮಗಳ ಮಗನು ನಮ್ಮಲ್ಲಿಗೆ ಬರುವುದು ವಾಡಿಕೆ. ಹನ್ನೆರಡು ವರ್ಷದ ಹುಡುಗ. ನಾನು ಉಪಾಧ್ಯಾಯವೃತ್ತಿಯಿಂದ ನಿವೃತ್ತನಾಗಿ ಎರಡು ವರ್ಷಗಳಾದರೂ ಪಾಠ ಹೇಳುವ ಚಪಲವು ನಾಲಗೆಯನ್ನು ಬಿಟ್ಟುಹೋಗಿಲ್ಲವಾದುದರಿಂದ, ಈ ಸಲ ಅವನಿಗೆ ಶಬ್ದಮಂಜರಿಯನ್ನು ಮೊದಲಿನಿಂದ ಹೇಳಿಕೊಡಬೇಕೆಂದು ಸಂಕಲ್ಪಿಸಿದ್ದೆನು. ಹುಡುಗನು ಒಲ್ಲೆನೆನ್ನಲಿಲ್ಲ, ವ್ಯಾಪಾರಕ್ಕೆ ನಿಂತನು. “ತಾತ, ದಿನಕ್ಕೊಂದು ಶಬ್ದ ಬಾಯಿಪಾಠ ಮಾಡಿ ಒಪ್ಪಿಸುತ್ತೇನೆ. ಅದಕ್ಕೆ ಬದಲಾಗಿ ನೀವು ದಿನಕ್ಕೊಂದು ಕಂತು ನನ್ನ ಜೊತೆ ಕುಳಿತು ನೋಡಬೇಕು.” ಏನನ್ನು ನೋಡಬೇಕೆಂದು ಕೇಳಿದೆನು. “ಆಸ್ಟ್ರಾ” ಎಂದನು. ನಾನು ಅದನ್ನು ಅಸ್ತ್ರವೆಂದು ಕೇಳಿಸಿಕೊಂಡು, ಯಾವುದೋ ಯುದ್ಧದ ಕಥೆಯಿರಬೇಕು, ಬ್ರಹ್ಮಾಸ್ತ್ರ ಪಾಶುಪತಾಸ್ತ್ರಗಳ ಪ್ರಸ್ತಾಪವನ್ನು ನಡುನಡುವೆ ತಂದುಕೊಳ್ಳಬಹುದೆಂದು ಒಳಗೊಳಗೇ ಹಿಗ್ಗಿ ಒಪ್ಪಿಕೊಂಡೆನು.

ಅದು ಅಸ್ತ್ರವಲ್ಲ, ನಕ್ಷತ್ರ. ಗ್ರೀಕರಿಂದ ಲ್ಯಾಟಿನ್ನಿಗೆ ಬಂದ ಮಾತು. ನಮ್ಮ ತಾರಾ ಶಬ್ದಕ್ಕೂ ವೇದದಲ್ಲಿ ಅಪರೂಪವಾಗಿ ಕಾಣುವ ಸ್ತೃ ಎಂಬ ರೂಪಕ್ಕೂ ದಾಯಾದಿಯಾದದ್ದು. ಜಪಾನೀಯರು ಚಲಿಸುವ ಚಿತ್ರಗಳಲ್ಲಿ ಹೇಳುವ ಕಥೆಗೆ ಅನಿಮೆಯೆಂದು ಹೆಸರು. ಶಿನೊಹಾರಾ ಕೆಂಟಾ ಎಂಬವರು ೨೦೧೬ ಮತ್ತು ೨೦೧೭ರಲ್ಲಿ ಈ ಕಥೆಯನ್ನು ಮೊದಲು ಚಿತ್ರಕಥೆಯಾಗಿ ಬರೆದರು. ಅದು ಐದು ಸಂಪುಟಗಳಾಯಿತು. ೨೦೧೯ರಲ್ಲಿ ಮಂಗಾ ತೈಶೊ ಎಂಬ ಪ್ರಶಸ್ತಿಯನ್ನು ಪಡೆಯಿತು. ಅದೇ ವರ್ಷ ಜುಲೈಯಿಂದ ಸೆಪ್ಟೆಂಬರಿನವರೆಗೆ ಅಂದೋ ಮಾಸಾಓಮಿ ಅವರ ನಿರ್ದೇಶನದಲ್ಲಿ ಹನ್ನೆರಡು ಕಂತುಗಳಾಗಿ ಜಪಾನಿನ ದೂರದರ್ಶನದಲ್ಲಿ ಬಂದಿತು. ಮಾತು ಜಪಾನೀ, ಅಡಿಯಲ್ಲಿ ಇಂಗ್ಲಿಷ್ ಸಾಲುಗಳು ಓಡುತ್ತವೆ. ನಾನು ಒಂದು ಸಾಲನ್ನು ಓದಿ ಮುಗಿಸುವಷ್ಟರಲ್ಲಿ ಎರಡು ಸಾಲು ಮುಂದೆ ಹೋಗಿರುತ್ತಿದ್ದವು. ಹುಡುಗನು ನಿಟ್ಟುಸಿರು ಬಿಟ್ಟು ಲ್ಯಾಪ್‌ಟಾಪನ್ನು ನಿಲ್ಲಿಸಿ ಕನ್ನಡದಲ್ಲಿ ಅರ್ಥ ಹೇಳುವನು. ಅನ್ವಯಾರ್ಥ ಹೇಳಿಕೊಡುವ ಉದ್ಯೋಗದಲ್ಲಿ ಜೀವಮಾನವನ್ನು ಕಳೆದವನಿಗೆ ಅದನ್ನು ಹೇಳಿಸಿಕೊಳ್ಳುವ ಸರದಿಯೂ ಬಂದಿತು.

ಮುಂದೆ ನಾನು ಕಥೆಯ ಗುಟ್ಟನ್ನು ಹೇಳಲೇಬೇಕಾಗಿದೆ. ನೋಡಬೇಕೆಂದಿರುವ ವಾಚಕರು ನೋಡಿ ಬಂದ ಮೇಲೆ ಇದನ್ನು ಓದಬಹುದು.

ಕಥೆ ನಡೆಯುವುದು ಕ್ರಿ. ಶ. ೨೦೬೩ನೆಯ ವರ್ಷದಲ್ಲಿ. ಒಂದು ಗ್ರಹದಿಂದ ಇನ್ನೊಂದಕ್ಕೆ ಹೋಗಿಬರುವುದು ಆಗ ನಮಗೀಗ ಬೆಂಗಳೂರಿಗೆ ಹೋಗಿಬಂದಂತೆ. ಒಂದು ಪ್ರೌಢಶಾಲೆಯ ಮಕ್ಕಳು ಮೆಕ್‌ಪಾ ಎಂಬ ಗ್ರಹದಲ್ಲಿ ಉಪಾಧ್ಯಾಯರ ಹಂಗಿಲ್ಲದೆ ಐದು ದಿನ ಶಿಬಿರ ಹೂಡಿ ಬರಬೇಕೆಂಬುದು ಪಠ್ಯಕ್ರಮದ ಒಂದು ಭಾಗ. ನಮ್ಮ ಗುಂಪಿನಲ್ಲಿ ಒಂಬತ್ತು ಮಂದಿ. ಎಂಟು ಮಂದಿ ವಿದ್ಯಾರ್ಥಿಗಳು, ಒಬ್ಬಳು ಅವರಲ್ಲೊಬ್ಬಳ ತಂಗಿ, ಹತ್ತು ವರ್ಷದವಳು. ಇಳಿದ ಸ್ವಲ್ಪ ಹೊತ್ತಿಗೆ ಹೊಳೆಯುವ ಗೋಳವೊಂದು ಎಲ್ಲಿಂದಲೋ ತೇಲಿಬಂದು ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ನುಂಗಿಬಿಡುವುದು. ಕಣ್ಣು ತೆರೆದರೆ ಸುತ್ತಲೂ ನಿರಾಲಂಬ ಆಕಾಶ. ಕೆಳಗೆ ಹಿಮದಿಂದ ಮುಚ್ಚಿದ ಒಂದು ಗ್ರಹ. ಹತ್ತಿರದಲ್ಲಿ ಯಾರೋ ಬಿಟ್ಟುಹೋದ ಹಳೆಯ ನೌಕೆ. ಹೇಗೋ ಅದನ್ನು ಹತ್ತಿ ಎಣಿಸಿ ನೋಡಿದರೆ ಒಬ್ಬಳು ಕಡಮೆ. ಏರೀಸ್ ಎಂಬ ಹುಡುಗಿ ದೂರಕ್ಕೆ ತೇಲಿಹೋಗುತ್ತಿದ್ದಾಳೆ.

ಈ ಎಣಿಕೆಯ ಸಂಕಟವನ್ನು ನಾನು ಬಲ್ಲೆನು. ಒಮ್ಮೆ ಅರವತ್ತು ಮಕ್ಕಳನ್ನು ಹಳೇಬೀಡಿಗೆ ಕರೆದೊಯ್ದಿದ್ದಾಗ ಬಸ್ಸು ಹೊರಡುವ ಹೊತ್ತಿಗೆ ಐವತ್ತೊಂಬತ್ತೇ ತಲೆಗಳಿದ್ದವು. ನಾಲ್ಕು ಸಲ ಎಣಿಸಿದರೂ ಐವತ್ತೊಂಬತ್ತೇ. ಕಡೆಗೆ ನಂದಿಮಂಟಪದ ನೆರಳಿನಲ್ಲಿ ಒಬ್ಬನು ಸುಖವಾಗಿ ನಿದ್ರಿಸುತ್ತಿದ್ದುದು ಕಂಡಿತು. ಆ ಅರ್ಧ ಗಂಟೆಯಲ್ಲಿ ನನ್ನ ಆಯುಸ್ಸಿನ ಎಷ್ಟು ಭಾಗ ವ್ಯಯವಾಯಿತೋ ಬಲ್ಲವರಾರು! ಅಂಥವನಿಗೆ, ಕನಾಟಾ ಎಂಬ ಹುಡುಗನು ಸೊಂಟಕ್ಕೆ ಕಟ್ಟಿದ ಹಗ್ಗ ಸಾಲದಾದಾಗ ಅದನ್ನು ಬಿಚ್ಚಿ ಏರೀಸಳ ಕಡೆಗೆ ಹಾರಿದ್ದೂ, ಹಿಂದಿರುಗುವಾಗ ಇಂಧನ ತೀರಿ ಇಬ್ಬರೂ ನೌಕೆಯನ್ನು ತಪ್ಪಿಹೋಗುವಂತಾದುದೂ, ಆಗ ಉಳಿದವರು ಒಬ್ಬರ ಕೈಯನ್ನೊಬ್ಬರು ಹಿಡಿದು ಸರಪಳಿಯಾಗಿ ಹೊರಕ್ಕೆ ಚಾಚಿ ಅವರನ್ನು ಸೆಳೆದುಕೊಂಡದ್ದೂ ಬರಿಯ ಚಿತ್ರವಾಗಿ ಕಾಣಲಿಲ್ಲ. ನಾನು ಕುರ್ಚಿಯ ಕೈಯನ್ನು ಬಿಗಿಹಿಡಿದಿದ್ದುದನ್ನು ನೋಡಿ ಮೊಮ್ಮಗನು ನಕ್ಕನು.

ಕನಾಟಾ ಎಂಬ ಹೆಸರು ನನ್ನ ಕಿವಿಗೆ ಮೊದಮೊದಲು ಕರ್ಣಾಟವೆಂದೇ ಕೇಳುತ್ತಿದ್ದಿತು. ಆ ಭಾಷೆಯಲ್ಲಿ ಅದಕ್ಕೆ ‘ಆಚೆ, ಬಲು ದೂರದಲ್ಲಿ’ ಎಂದು ಅರ್ಥವಂತೆ. ಮನೆತನದ ಹೆಸರಾದ ಹೋಶಿಜಿಮಾ ಎಂದರೆ ನಕ್ಷತ್ರದ್ವೀಪ. ಇವನೇ ನೌಕೆಗೆ ಕಪ್ತಾನನಾಗುವನು. ಲೆಕ್ಕ ಹಾಕಿ ನೋಡಿದರೆ ಅವರು ತಮ್ಮ ಮನೆಯಿಂದ ೫೦೧೨ ಜ್ಯೋತಿರ್ವರ್ಷಗಳ ದೂರದಲ್ಲಿದ್ದಾರೆ. ಬೆಳಕು ಒಂದು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು ಓಡುವುದಷ್ಟೆ. ಅದು ಈ ದೂರವನ್ನು ಕ್ರಮಿಸಿ ೨೦೬೩ರಲ್ಲಿ ತಲಪಬೇಕಾದರೆ ಹೊರಟದ್ದು ಯಾವಾಗ? ಪಂಚಾಂಗವನ್ನು ತೆಗೆದು ಗುಣಿಸಿದೆನು. ಕಲಿಯುಗವು ಆರಂಭವಾಗಿ ೧೫೨ ವರ್ಷಗಳಾಗಿದ್ದಾಗ! ಪರೀಕ್ಷಿತನ ಕಥೆಗಳ ಕಾಲದಲ್ಲಿ ಹೊರಟ ಕಿರಣವು ಮೊಮ್ಮಗನ ನಡುವಯಸ್ಸಿನಲ್ಲಿ ಬಂದು ಮುಟ್ಟಿದಂತಾಯಿತು. ಈ ನೌಕೆಯೇನೋ ಬೆಳಕಿಗಿಂತ ವೇಗವಾಗಿ ಹೋಗುವುದೆಂದು ಕಥೆಗಾರರು ಕಲ್ಪಿಸಿದ್ದಾರೆ. ಇಂದಿನ ಭೌತಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಆದರೆ ಪುಷ್ಪಕವಿಮಾನವನ್ನು ಒಪ್ಪಿ ಪಾಠ ಹೇಳಿದವನು ಇಲ್ಲಿ ತಕರಾರು ತೆಗೆಯುವುದು ಧರ್ಮವಲ್ಲ.

ಇರುವ ಆಹಾರ ಮೂರು ದಿನಕ್ಕೆ, ನೀರು ಇಪ್ಪತ್ತು ದಿನಕ್ಕೆ. ಆದುದರಿಂದ ದಾರಿಯಲ್ಲಿ ಐದು ಗ್ರಹಗಳಲ್ಲಿ ಇಳಿದು ಅನ್ನ ನೀರುಗಳನ್ನು ತುಂಬಿಕೊಳ್ಳುತ್ತ ತಿಂಗಳುಗಟ್ಟಲೆ ಪಯಣಿಸಬೇಕು. ಒಂದೊಂದು ಗ್ರಹದ ಗಿಡಮರಗಳೂ ಜಂತುಗಳೂ ಒಂದೊಂದು ಬಗೆ. ಒಂದು ಗ್ರಹದಲ್ಲಿ ಅಣಬೆಗಳ ವಿಷವೇರಿ ಎಲ್ಲರೂ ಮೃತ್ಯುಮುಖದಲ್ಲಿ ಬಿದ್ದಿರುವಾಗ, ಅದುವರೆಗೆ ಬಾಯಿಯನ್ನೇ ತೆರೆಯದಿದ್ದ ಯುನ್‌ಹ್ವಾ ಎಂಬ ಹುಡುಗಿ ಹಾಡುವಳು. ಅವಳ ತಾಯಿ ಪ್ರಖ್ಯಾತ ಗಾಯಕಿ. ಮಗಳಿಗೆ ಹಾಡಕೂಡದೆಂದೂ ಯಾರ ಕಣ್ಣಿಗೂ ಬೀಳದಂತಿರಬೇಕೆಂದೂ ಅಪ್ಪಣೆಯಿದ್ದಿತಂತೆ. ಇದೇಕೆಂದು ನನಗಾಗ ತಿಳಿಯಲಿಲ್ಲ.

ದೋಷಗಳಿಲ್ಲವೆಂದಲ್ಲ. ಕರುಣರಸವು ಪಾಕಕ್ಕೆ ಬರುತ್ತಿರುವ ಹೊತ್ತಿಗೆ ಸರಿಯಾಗಿ ಹಾಸ್ಯವನ್ನು ತಂದು ಸುರಿಯುತ್ತಾರೆ. ಪಾತ್ರಗಳು ಕಾರಣವಿಲ್ಲದೆ ಕಿರುಚುತ್ತವೆ. ಕಣ್ಣುಗಳಂತೂ ಮುಖದ ಅರ್ಧ ಭಾಗ. ಇದನ್ನು ನಾನು ಆಕ್ಷೇಪಿಸಿದಾಗ ಬಾಗಿಲಲ್ಲಿ ನಿಂತಿದ್ದ ನನ್ನ ಮಗಳು, “ಅಣ್ಣ, ನಿಮ್ಮ ಕವಿಗಳು ಕಣ್ಣನ್ನು ಕಿವಿಯವರೆಗೆ ಎಳೆಯುವುದಿಲ್ಲವೆ?” ಎಂದಳು. ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣನೆಂದು ಕರೆಯುವುದು ರೂಢಿ. ಅವಳೂ ನೋಡುತ್ತಿದ್ದಳೆಂಬುದು ನನಗೆ ಆಗಲೇ ತಿಳಿದದ್ದು.

ಮಕ್ಕಳನ್ನು ದೊಡ್ಡವರಿಲ್ಲದ ಕಡೆಗೆ ಅಟ್ಟಿ ನೋಡುವ ಕಥೆ ಹೊಸದೇನೂ ಅಲ್ಲ. ಫ್ರಾನ್ಸಿನ ಜೂಲ್ಸ್ ವರ್ನ್ ೧೮೮೮ರಲ್ಲಿ ಹದಿನೈದು ಮಂದಿ ಹುಡುಗರನ್ನು ನಿರ್ಜನದ್ವೀಪಕ್ಕೆ ಕಳುಹಿಸಿದನು. ಜಪಾನಿನಲ್ಲಿಯೇ ೧೯೮೩ರಲ್ಲಿ ಬಂದ ವೈಫಾಮ್ ಎಂಬ ಅನಿಮೆಯಲ್ಲಿ ಹದಿಮೂರು ಮಕ್ಕಳು ನೌಕೆಯೊಂದರಲ್ಲಿ ತಂದೆತಾಯಿಗಳನ್ನು ಹುಡುಕಿಕೊಂಡು ಹೋಗುವರು. ೧೯೯೯ರ ರಿವಿಯಸ್ ಎಂಬುದರಲ್ಲಿ ನೂರಾರು ಹುಡುಗರು ಹೀಗೆಯೇ ಸಿಕ್ಕಿಬಿದ್ದು ಅಧಿಕಾರಕ್ಕಾಗಿ ಕಚ್ಚಾಡುವರಂತೆ. ಅದನ್ನು ಮುಂದಿನ ವರ್ಷ ನೋಡೋಣವೆಂದು ಮೊಮ್ಮಗನ ಅಪ್ಪಣೆಯಾಗಿದೆ. ಸಾಮಾನ್ಯವಾಗಿ ಇಂಥ ಕಥೆಗಳಲ್ಲಿ ಮನೆಯೆಂಬುದು ಮಕ್ಕಳು ಸೇರಬೇಕಾದ ದಡ. ಆಸ್ಟ್ರಾದ ವಿಶೇಷವೇನೆಂದರೆ, ಮಕ್ಕಳನ್ನು ಕಡಲಿಗೆ ನೂಕಿದ್ದೇ ಆ ಮನೆ.

ಪಯಣದ ನಡುವೆ ಸಂಶಯಗಳು ಒಂದೊಂದಾಗಿ ಕೂಡುತ್ತವೆ. ಈ ಗುಂಪನ್ನು ಯಾರೋ ಬುದ್ಧಿಪೂರ್ವಕವಾಗಿ ಆರಿಸಿದ್ದಾರೆ. ಅಕ್ಕ ಮತ್ತು ಸಾಕುತಂಗಿಯೆಂದು ತಿಳಿದಿದ್ದ ಇಬ್ಬರು ಹುಡುಗಿಯರ ರಕ್ತವನ್ನು ಪರೀಕ್ಷಿಸಿದರೆ ಅವರಿಬ್ಬರೂ ಶಾರೀರಕವಾಗಿ ಒಬ್ಬಳೇ ವ್ಯಕ್ತಿ! ಒಂಬತ್ತು ಮಂದಿಯೂ ತಂದೆತಾಯಿಗಳಿಗೆ ಹುಟ್ಟಿದ ಮಕ್ಕಳಲ್ಲ; ತಂದೆ ಅಥವಾ ತಾಯಿಯೆನಿಸಿಕೊಂಡವರ ಇಲ್ಲವೆ ಇನ್ನೊಬ್ಬ ಹಿರಿಯರ ದೇಹದಿಂದ ಮಾಡಿದ ತದ್ರೂಪಿಗಳು. ಮುಪ್ಪಿಗೆ ಹೆದರಿದ ಧನಿಕರೂ ವಿದ್ಯಾವಂತರೂ ಕೆಲವರು ಸೇರಿ, ತಮ್ಮದೇ ಎಳೆಯ ಶರೀರವೊಂದನ್ನು ಬೆಳೆಸಿ, ಕಾಲ ಬಂದಾಗ ತಮ್ಮ ನೆನಪುಗಳನ್ನೆಲ್ಲ ಅದರೊಳಕ್ಕೆ ತುಂಬಿ ಮತ್ತೆ ತರುಣರಾಗಿ ಬಾಳುವ ಹಂಚಿಕೆ ಹೂಡಿದ್ದರು. ಅಷ್ಟರಲ್ಲಿ ಎಲ್ಲರ ವಂಶವಾಹಿಗಳನ್ನೂ ದಾಖಲು ಮಾಡುವ ಕಾನೂನು ಬಂದಿತು. ಗುಟ್ಟು ಬಯಲಾದರೆ ಕಾರಾಗೃಹ. ಸಾಕ್ಷ್ಯವನ್ನು ಇಲ್ಲದಂತೆ ಮಾಡಬೇಕು. ಸಾಕ್ಷ್ಯವೆಂದರೆ ಈ ಮಕ್ಕಳು.

ತದ್ರೂಪಿಯೆಂಬುದು ಪೂರ್ಣ ಕಟ್ಟುಕಥೆಯಲ್ಲ. ೧೯೯೬ರ ಜುಲೈ ೫ರಂದು ಸ್ಕಾಟ್ಲೆಂಡಿನಲ್ಲಿ ಆರು ವರ್ಷದ ಕುರಿಯೊಂದರ ಕೆಚ್ಚಲಿನ ಜೀವಕೋಶದಿಂದ ಡಾಲಿ ಎಂಬ ಕುರಿಯು ಹುಟ್ಟಿ ೨೦೦೩ರವರೆಗೆ ಬದುಕಿದ್ದಿತು. ಅದಕ್ಕೆ ಆ ಹಿರಿಯ ಕುರಿಯ ರೂಪವಿದ್ದಿತೇ ಹೊರತು ನೆನಪು ಬರಲಿಲ್ಲ. ಎಲ್ಲ ಮರಿಗಳಂತೆ ಅದೂ ಮೊದಲಿನಿಂದಲೇ ಹುಲ್ಲನ್ನು ಗುರುತಿಸಿ ಕಲಿಯಬೇಕಾಯಿತು. ನೆನಪನ್ನು ಒಂದು ತಲೆಯಿಂದ ಇನ್ನೊಂದಕ್ಕೆ ಸುರಿಯುವ ವಿದ್ಯೆ ಇಂದಿಗೂ ಯಾರ ಕೈವಶವೂ ಆಗಿಲ್ಲ.

“ಇದು ಯಯಾತಿಯ ಕಥೆ!” ಎಂದು ನಾನು ಕೂಗಿಕೊಂಡೆನು. ಹುಡುಗನಿಗೆ ಯಯಾತಿ ಯಾರೆಂದು ತಿಳಿಯದು. ಲ್ಯಾಪ್‌ಟಾಪನ್ನು ನಿಲ್ಲಿಸಿ ಹೇಳಿದೆನು. ಶುಕ್ರಾಚಾರ್ಯನ ಶಾಪದಿಂದ ಯಯಾತಿಗೆ ಅಕಾಲದಲ್ಲಿ ಮುಪ್ಪು ಬಂದಿತು. ಅದನ್ನು ತೆಗೆದುಕೊಂಡು ಯೌವನವನ್ನು ಕೊಡಿರೆಂದು ಐವರು ಮಕ್ಕಳನ್ನೂ ಬೇಡಿದನು. ಯದು, ತುರ್ವಸು, ದ್ರುಹ್ಯು, ಅನು ಎಂಬ ನಾಲ್ವರು ಒಲ್ಲೆವೆಂದರು. ಕಿರಿಯವನಾದ ಪೂರುವು ಕೊಟ್ಟನು. ಸಾವಿರ ವರ್ಷ ಭೋಗಿಸಿದ ಬಳಿಕ, ಕಾಮವು ಭೋಗದಿಂದ ತಣಿಯುವುದಿಲ್ಲವೆಂದು ತಿಳಿದ ಯಯಾತಿಯು ಯೌವನವನ್ನು ಹಿಂದಿರುಗಿಸಿ ಅವನಿಗೇ ಪಟ್ಟ ಕಟ್ಟಿದನು.

ಈ ಪಾಠವನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತರಗತಿಗಳಲ್ಲಿ ಹೇಳಿದ್ದೇನೆ. ಕಡೆಯಲ್ಲಿ ನಾನು ಕೇಳುತ್ತಿದ್ದ ಪ್ರಶ್ನೆ ಪ್ರತಿವರ್ಷವೂ ಒಂದೇ: ಪೂರುವಿನ ಪಿತೃಭಕ್ತಿಯನ್ನು ವರ್ಣಿಸಿರಿ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, “ಸಾರ್, ಶಾಪ ಪೂರುವಿಗೆ ಬಂದಿದ್ದರೆ ಯಯಾತಿ ತನ್ನ ಯೌವನ ಕೊಡುತ್ತಿದ್ದನೆ?” ಎಂದು ಕೇಳಿದನು. ಅಧಿಕಪ್ರಸಂಗವೆಂದು ಅವನನ್ನು ಕೂರಿಸಿಬಿಟ್ಟೆನು. ೧೯೬೧ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕದಲ್ಲಿ ಪೂರುವಿಗೆ ಒಬ್ಬ ಹೆಂಡತಿಯಿದ್ದಾಳೆ. ಹೊಸದಾಗಿ ಮನೆಗೆ ಬಂದ ಆಕೆಯ ಗತಿಯೇನೆಂಬ ವಿಚಾರವಿದೆ. ಅದನ್ನು ಓದಿಯೂ ನಾನು ನನ್ನ ಪ್ರಶ್ನೆಪತ್ರಿಕೆಯನ್ನು ಬದಲಾಯಿಸಿರಲಿಲ್ಲ.

ಮೊಮ್ಮಗನಿಗೆ ಕಥೆ ಹೇಳಿ ಮುಗಿಸಿದವನು ಸುಮ್ಮನಿರಬಹುದಾಗಿತ್ತು. ನಮ್ಮ ಪುರಾಣದ ಗೌರವವನ್ನು ಕಾಯುವ ಅಭ್ಯಾಸ ಬಲವಾದದ್ದು. “ನೋಡಪ್ಪ, ಎರಡಕ್ಕೂ ಒಂದು ಭೇದವಿದೆ. ಆಸ್ಟ್ರಾದ ಮಕ್ಕಳನ್ನು ಯಾರೂ ಕೇಳಲಿಲ್ಲ. ಯಯಾತಿಯಾದರೋ ಕೇಳಿ ಪಡೆದನು, ಪೂರುವು ಮನಸಾರೆ ಕೊಟ್ಟನು” ಎಂದೆನು.

ಬಾಗಿಲಲ್ಲಿದ್ದ ಮಗಳು ಸಾವಕಾಶವಾಗಿ ಹೇಳಿದಳು: “ಕೇಳಿದ್ದು ನಿಜ, ಅಣ್ಣ. ಆದರೆ ಕೇಳಿದವರು ತಂದೆ.”

ಅಷ್ಟೇ ಹೇಳಿ ಒಲೆಯ ಮೇಲೆ ಹಾಲಿದೆಯೆಂದು ಒಳಕ್ಕೆ ಹೋದಳು. ಹುಡುಗನು ಕಂತನ್ನು ಮುಂದುವರಿಸಿದನು. ಆಮೇಲಿನ ಹತ್ತು ನಿಮಿಷಗಳಲ್ಲಿ ಪರದೆಯ ಮೇಲೆ ಏನು ನಡೆಯಿತೋ ನಾನರಿಯೆನು.

ವಾಚಕರಿಗೆ ಇದನ್ನು ಬಿಡಿಸಿ ಹೇಳದಿದ್ದರೆ ಪ್ರಬಂಧವು ಅಪ್ರಾಮಾಣಿಕವಾದೀತು. ನಾನು ಸಂಸ್ಕೃತಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಓದುತ್ತಿದ್ದಾಗ ತಂದೆ ತೀರಿಕೊಂಡರು. ತಮ್ಮತಂಗಿಯರು ನಾಲ್ವರು. ವಿದ್ವತ್ ಪರೀಕ್ಷೆಯ ಕಡೆಯ ಘಟ್ಟವನ್ನು ಕಟ್ಟಿಟ್ಟು ಶಾಲೆಯ ಕೆಲಸಕ್ಕೆ ಸೇರಿದೆನು. ಅಧ್ಯಯನಕ್ಕೆಂದು ತಂದಿದ್ದ ಗ್ರಂಥಗಳು ಬೀರುವಿನಲ್ಲಿ ಉಳಿದವು. ೧೯೯೦ರಲ್ಲಿ ಮಗಳು ಹುಟ್ಟಿದಳು. ತೀಕ್ಷ್ಣವಾದ ಬುದ್ಧಿ, ನಾಲ್ಕನೆಯ ವರ್ಷಕ್ಕೆ ಅಮರಕೋಶದ ಅರ್ಧ ಕಾಂಡ ಬಾಯಿಗೆ ಬಂದಿದ್ದಿತು. ತಂದೆಯೇ ಮಗುವಾಗಿ ಮತ್ತೆ ಹುಟ್ಟುವನೆಂದು ಶ್ರುತಿಯು ಹೇಳುವುದನ್ನು ನಾನು ಆಲಂಕಾರಿಕವಾಗಿ ತೆಗೆದುಕೊಳ್ಳಲಿಲ್ಲ. ಬೀರುವಿನ ಗ್ರಂಥಗಳಿಗೆ ವಾರಸುದಾರಳು ಬಂದಳೆಂದುಕೊಂಡೆನು.

ಆ ಹುಡುಗಿ ಪಿ. ಯು. ಸಿ.ಯಲ್ಲಿ ಭೌತಶಾಸ್ತ್ರದಲ್ಲಿ ನೂರಕ್ಕೆ ತೊಂಬತ್ತೆಂಟು ಅಂಕ ತೆಗೆದಳು. ಬಿ. ಎಸ್‌ಸಿ. ಓದಿ, ಅಲ್ಲಿಂದ ಮುಂದೆ ನಕ್ಷತ್ರಗಳ ವಿಷಯವನ್ನೇ ಓದಬೇಕೆಂದು ಅವಳ ಆಸೆ. ನಾನು ಬೈಯಲಿಲ್ಲ, ಗದರಲಿಲ್ಲ. ೨೦೦೮ರ ಒಂದು ಸಂಜೆ ಬೀರುವಿನ ಬಾಗಿಲನ್ನು ತೆರೆದು, ಗೆರೆ ಹಾಕಿದ ನನ್ನ ಹಳೆಯ ಪುಸ್ತಕಗಳನ್ನು ತೋರಿಸಿ, “ನಿನಗೆ ಇಷ್ಟವಿದ್ದರೆ ಮಾತ್ರ, ಮಗು” ಎಂದೆನು. ಹಾಗೆನ್ನುವಾಗ ನನ್ನ ಕಣ್ಣಿನಲ್ಲಿ ನೀರಿದ್ದಿತು. ನೀರು ಕೃತಕವಲ್ಲ. ಅವಳು ಪುಸ್ತಕಗಳನ್ನು ನೋಡಿದಳು, ನನ್ನನ್ನು ನೋಡಿದಳು, ಆಗಲಿ ಎಂದಳು.

ಓದಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾದಳು. ಪದಕವೂ ಬಂದಿತು. ಪದಕವನ್ನು ನನ್ನ ಕೈಗಿತ್ತು ನಮಸ್ಕಾರ ಮಾಡಿದಳು. ಆಮೇಲೆ ಮದುವೆ, ಬ್ಯಾಂಕಿನ ಪರೀಕ್ಷೆ, ಬ್ಯಾಂಕಿನ ಕೆಲಸ. ಈ ಹದಿನೈದು ವರ್ಷಗಳಲ್ಲಿ ಅವಳು ಒಂದು ಸಂಸ್ಕೃತಪುಸ್ತಕವನ್ನು ತೆರೆದುದನ್ನು ನಾನು ಕಾಣೆ. ಸಂಸಾರದ ಗಡಿಬಿಡಿಯೆಂದು ಸಮಾಧಾನ ಹೇಳಿಕೊಂಡಿದ್ದೆನು. ಊರಿನಲ್ಲಿ ಎಲ್ಲರಿಗೂ ನಾನು ಹೇಳುತ್ತಿದ್ದುದು, ಮಗಳು ತನ್ನ ಇಚ್ಛೆಯಿಂದಲೇ ಶಾಸ್ತ್ರ ಓದಿದಳೆಂದು.

ಮರುದಿನದ ಕಂತುಗಳನ್ನು ನಾನು ಬೇರೆ ಕಣ್ಣಿನಿಂದ ನೋಡಿದೆನು. ಕನಾಟಾನ ತಂದೆ ಡೆಕಾಥ್ಲಾನ್ ಎಂಬ ಹತ್ತು ಸ್ಪರ್ಧೆಗಳ ಆಟಗಾರನಾಗಿದ್ದವನು. ಹುಡುಗನನ್ನು ಎಳವೆಯಿಂದ ಅದೇ ಹತ್ತು ಸ್ಪರ್ಧೆಗಳಲ್ಲಿ ಪಳಗಿಸುವನು, ದಿನವೂ ಓಡಿಸುವನು, ಎಸೆಯಿಸುವನು. ಹುಡುಗನ ಆಸೆ ಬಾಹ್ಯಾಕಾಶವನ್ನು ಶೋಧಿಸುವುದು. ಅದು ತಂದೆಯ ಕಿವಿಗೆ ಬೀಳುವುದೇ ಇಲ್ಲ. ಗಾಯಕಿಯಾದ ತಾಯಿ ಮಗಳನ್ನು ಹಾಡಗೊಡಿಸದಿದ್ದುದೇಕೆಂಬುದೂ ಈಗ ತಿಳಿಯಿತು. ಆ ಕಂಠ ಮಗಳದಲ್ಲ. ತಾನು ಕಾದಿರಿಸಿಕೊಂಡ ಪದಾರ್ಥ. ಕಥೆಗಾರರು ಈ ತಂದೆತಾಯಿಗಳನ್ನು ತೀರ ಕ್ರೂರರನ್ನಾಗಿ ಮಾಡಿದ್ದಾರೆಂಬುದು ನನ್ನ ಆಕ್ಷೇಪ. ಕಣ್ಣೀರು ತುಂಬಿಕೊಂಡು ಬೇಡುವವನೊಬ್ಬನು ಅವರ ನಡುವೆ ಇದ್ದಿದ್ದರೆ ಮಕ್ಕಳಿಗೆ ಅವನನ್ನು ಎದುರಿಸುವುದು ಇನ್ನೂ ಕಷ್ಟವಾಗುತ್ತಿತ್ತು. ಏರೀಸಳನ್ನು ಸಾಕಿದ ತಾಯಿಯೊಬ್ಬಳು ಮಾತ್ರ ಮಗುವನ್ನು ಮಗುವೆಂದೇ ಸಾಕಿದವಳು. ಅವಳು ಆ ಹಂಚಿಕೆಗೆ ಸೇರಿದವಳಲ್ಲ.

ಉಳಿದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂಬತ್ತು ಮಂದಿಯಲ್ಲಿ ಒಬ್ಬನು ಎಲ್ಲರನ್ನೂ ಕೊಲ್ಲುವುದಕ್ಕೆಂದೇ ಬಂದವನು, ಷಾರ್ಸ್ ಎಂಬವನು. ಒಬ್ಬ ಅರಸನ ತದ್ರೂಪಿ. ಅರಸನಿಗೆ ದೇಹವನ್ನೊಪ್ಪಿಸುವುದೇ ಜನ್ಮಸಾಫಲ್ಯವೆಂದು ಕಲಿತು ಬೆಳೆದವನು. ಪೂರುವನ್ನು ಇಷ್ಟು ಹತ್ತಿರದಿಂದ ನಾನು ಹಿಂದೆ ಕಂಡಿರಲಿಲ್ಲ. ಗುಟ್ಟು ಹೊರಬಿದ್ದಾಗ ಅವನು ಪ್ರಾಣ ಬಿಡಲು ಹೊರಡುವನು. ಕನಾಟಾ ತನ್ನ ಬಲಗೈಯನ್ನು ಕಳೆದುಕೊಂಡು ಅವನನ್ನು ಉಳಿಸುವನು. ಮೊದಲ ದಿನ ಕಂಡ ಹಿಮದ ಗ್ರಹವೇ ಭೂಮಿಯೆಂದೂ, ಉಲ್ಕಾಪಾತಕ್ಕೆ ಹೆದರಿ ಮನುಷ್ಯರೆಲ್ಲ ಇನ್ನೊಂದು ಗ್ರಹಕ್ಕೆ ವಲಸೆ ಹೋದವರೆಂದೂ, ಹಿರಿಯರು ಸೇರಿ ಆ ವಿಚಾರವನ್ನು ಅಳಿಸಿ ಮಕ್ಕಳಿಗೆ ಸುಳ್ಳು ಚರಿತ್ರೆಯನ್ನು ಓದಿಸುತ್ತ ಬಂದರೆಂದೂ ಕಡೆಗೆ ತಿಳಿಯುವುದು. ಮಕ್ಕಳು ಮನೆ ಮುಟ್ಟುವರು, ತಪ್ಪಿತಸ್ಥರು ಸೆರೆಮನೆ ಸೇರುವರು. ಏಳು ವರ್ಷಗಳ ಬಳಿಕ ಕನಾಟಾ ಕೃತಕವಾದ ಕೈಯೊಡನೆ ಅದೇ ನೌಕೆಯನ್ನು ಹತ್ತಿ, ತನ್ನ ಇಷ್ಟದಂತೆ, ಮತ್ತೆ ಹೊರಡುವನು.

ಕಡೆಯ ಕಂತು ಮುಗಿದ ರಾತ್ರಿ ವಿದ್ಯುತ್ತು ಹೋಗಿ ಸೆಕೆ ತಾಳಲಾರದೆ ಎಲ್ಲರೂ ತಾರಸಿಗೆ ಹೋದೆವು. ಊರೆಲ್ಲ ಕತ್ತಲೆಯಾದುದರಿಂದ ಆಕಾಶವು ತೊಳೆದಿಟ್ಟಂತಿದ್ದಿತು. ಮೊಮ್ಮಗನು ಸಪ್ತರ್ಷಿಮಂಡಲವನ್ನು ಕಂಡುಹಿಡಿದನು. ಮಗಳು ಅವನ ಪಕ್ಕದಲ್ಲಿ ಕುಳಿತು, ಅದರ ಬಾಲದ ಬಾಗನ್ನೇ ಅನುಸರಿಸಿ ಬೆರಳನ್ನು ಮುಂದಕ್ಕೆ ಒಯ್ಯುವುದನ್ನು ತೋರಿಸಿಕೊಟ್ಟಳು. “ಅಲ್ಲಿ ಕಿತ್ತಳೆ ಬಣ್ಣದ್ದು ಸ್ವಾತಿ. ಇನ್ನೂ ಬಾಗಿಸಿಕೊಂಡು ಹೋಗು, ಬೆಳ್ಳಗಿರುವುದು ಚಿತ್ತೆ. ಚಿತ್ತೆ ಸುಮಾರು ೨೫೦ ಜ್ಯೋತಿರ್ವರ್ಷ. ಸ್ವಾತಿ ಹತ್ತಿರ, ಸುಮಾರು ೩೭.”

“ಹಾಗಾದರೆ ಈ ಬೆಳಕು ಹೊರಟಾಗ ನೀನು ಹುಟ್ಟಿರಲಿಲ್ಲವೇನಮ್ಮ?”

“ಇಲ್ಲ. ಆಗಿನ್ನೂ ತಾತನಿಗೆ ಹೊಸದಾಗಿ ಮದುವೆಯಾಗಿತ್ತು.”

ಈ ಲೆಕ್ಕವನ್ನೆಲ್ಲ ಅವಳು ಯಾವ ಪುಸ್ತಕದಿಂದ, ಯಾವ ಹೊತ್ತಿನಲ್ಲಿ ಓದಿಕೊಂಡಿದ್ದಳೋ ನಾನು ಎಂದೂ ವಿಚಾರಿಸಿರಲಿಲ್ಲ. ಈಗ ಕೇಳಿದೆನು. ಬ್ಯಾಂಕಿನಿಂದ ಬಂದು, ಅಡಿಗೆಯಾಗಿ, ಹುಡುಗನು ಮಲಗಿದ ಮೇಲೆ, ಎಂದಳು. ಮನೆಯಲ್ಲಿ ಅಂಥ ಪುಸ್ತಕಗಳು ಒಂದು ಗೂಡಿನ ತುಂಬ ಇವೆಯಂತೆ. ನಾನು ಅವಳ ಮನೆಗೆ ಎಷ್ಟೋ ಸಲ ಹೋಗಿದ್ದೇನೆ; ಆ ಗೂಡನ್ನು ನೋಡಿದ ನೆನಪಿಲ್ಲ.

“೨೦೦೮ರಲ್ಲಿ ನಾನು ಕೇಳಬಾರದಾಗಿತ್ತು” ಎಂದೆನು. ಅವಳು ಸ್ವಲ್ಪ ಹೊತ್ತು ಉತ್ತರ ಕೊಡಲಿಲ್ಲ. ಆಮೇಲೆ, “ಕತ್ತಲೆಯಲ್ಲಿ ಮೆಟ್ಟಲು ಇಳಿಯುವಾಗ ಗೋಡೆ ಹಿಡಿದುಕೊಳ್ಳಿ, ಅಣ್ಣ” ಎಂದು, ಮತ್ತೆ ಮಗನ ಬೆರಳನ್ನು ಹಿಡಿದು ದಕ್ಷಿಣದ ಕಡೆಗೆ ತಿರುಗಿಸಿದಳು. ವಿದ್ಯುತ್ತು ಬರುವುದು ಬಹಳ ಹೊತ್ತಾಯಿತು. ನಾನು ಇಳಿಯಲಿಲ್ಲ. ಅವಳು ಒಂದೊಂದು ನಕ್ಷತ್ರದ ದೂರವನ್ನೂ ಹೇಳುತ್ತ ಹೋದಳು, ಹುಡುಗನು ಮಧ್ಯೆ ಮಧ್ಯೆ ಪ್ರಶ್ನೆ ಹಾಕುತ್ತಿದ್ದನು, ನಾನು ಅವರ ಹಿಂದೆ ಚಾಪೆಯ ಮೇಲೆ ಕುಳಿತು ಕೇಳುತ್ತಿದ್ದೆನು.